ಉಪ್ಪಿಲ್ಲದ ನೀರೂ ಲೋಹವನ್ನು ಸೀಳುತ್ತದೆ

2018ರ ಡಿಸೆಂಬರ್ 31ರಂದು ಕೈಗಾ ಅಣುವಿದ್ಯುತ್ ಸ್ಥಾವರದ 1ನೇ ಘಟಕವನ್ನು ನಿಲ್ಲಿಸಿದಾಗ ಅದು ಎಡೆಬಿಡದೆ 962 ದಿನ ವಿದ್ಯುತ್ ಕೊಟ್ಟಿತ್ತು. 2016ರ ಮೇ 13ರಿಂದ ಒಂದೇ ಸಮನೆ. ಬ್ರಿಟನ್ನಿನ ಹೇಷಮ್ ಸ್ಥಾವರದ 940 ದಿನಗಳ ವಿಶ್ವದಾಖಲೆಯನ್ನು ಉತ್ತರ ಕನ್ನಡದ ಕಾಡಿನೊಳಗಿನ ಯಂತ್ರವೊಂದು ಮುರಿದದ್ದು ದೊಡ್ಡ ಸುದ್ದಿಯೇ ಆಯಿತು. ಆ ದಾಖಲೆಯೂ ಬಹಳ ಕಾಲ ಉಳಿಯಲಿಲ್ಲ. ಕೆನಡಾದ ಡಾರ್ಲಿಂಗ್ಟನ್ ಸ್ಥಾವರದ ಘಟಕವೊಂದು 2020ರಲ್ಲಿ ಅದನ್ನು ಹಿಂದಿಕ್ಕಿ 1106 ದಿನಗಳವರೆಗೂ ಓಡಿತು. ಅದಿರಲಿ.

ಅಷ್ಟು ದಿನಗಳಲ್ಲಿ ಎಷ್ಟು ಕೋಟಿ ಯೂನಿಟ್ ಬಂತು ಎಂಬ ಲೆಕ್ಕವನ್ನು ಎಲ್ಲರೂ ಕೇಳಿದರು. ನನಗೆ ಕುತೂಹಲವಿದ್ದದ್ದು ಬೇರೆ ಲೆಕ್ಕದಲ್ಲಿ. ಆ ಘಟಕದ ಒಡಲಲ್ಲಿ 306 ಕೊಳವೆಗಳು ಅಡ್ಡಲಾಗಿ ಮಲಗಿವೆ. ಒಂದೊಂದೂ ಐದು ಮೀಟರಿಗಿಂತ ಉದ್ದ. ಒಳವ್ಯಾಸ ಎಂಟು ಸೆಂಟಿಮೀಟರಿಗೆ ತುಸು ಹೆಚ್ಚು. ಗೋಡೆಯ ದಪ್ಪ ಮೂರೂವರೆ ಮಿಲಿಮೀಟರಿನ ಆಸುಪಾಸು. ಯುರೇನಿಯಂ ಇಂಧನದ 12 ಕಟ್ಟುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು, ವಾತಾವರಣದ ಒತ್ತಡದ ಸುಮಾರು 85 ಪಟ್ಟು ಒತ್ತಡದ ಬಿಸಿನೀರನ್ನು ಇವು ಹಗಲಿರುಳು ತಡೆದು ನಿಲ್ಲಬೇಕು. 962 ದಿನಗಳಲ್ಲಿ ಈ ಕೊಳವೆಗಳು ಎಷ್ಟು ಉದ್ದವಾದವು, ಎಷ್ಟು ಹಿಗ್ಗಿದವು, ನಡುವೆ ಎಷ್ಟು ಜಗ್ಗಿದವು, ಎಷ್ಟು ಹೈಡ್ರೋಜನ್ ನುಂಗಿದವು? ಪ್ರಶ್ನೆ ವಿಚಿತ್ರವಾಗಿ ಕೇಳಿಸಬಹುದು. ಆದರೆ ಕೈಗಾದ ಆಯುಷ್ಯ ನಿಂತಿರುವುದೇ ಇದರ ಉತ್ತರದ ಮೇಲೆ.

ಕರಾವಳಿಯವರಿಗೆ ಲೋಹ ಹಾಳಾಗುವ ಬಗೆಯನ್ನು ಯಾರೂ ಹೇಳಿಕೊಡಬೇಕಿಲ್ಲ. ಮಳೆಗಾಲದ ಮೀನುಗಾರಿಕೆ ನಿಷೇಧದ ಎರಡು ತಿಂಗಳು ಕುಮಟಾ ತಾಲೂಕಿನ ತದಡಿ, ಹೊನ್ನಾವರದ ಕಾಸರಕೋಡ, ಭಟ್ಕಳದ ಬಂದರುಗಳಲ್ಲಿ ಬೋಟುಗಳ ತುಕ್ಕು ಕೆರೆಯುವುದು, ವೆಲ್ಡಿಂಗ್ ಮಾಡಿಸುವುದು, ಬಣ್ಣ ಹೊಡೆಯುವುದೇ ಕೆಲಸ. ಕಿಟಕಿಯ ಸರಳು, ತಗಡಿನ ಮಾಡು, ಬೈಕಿನ ಸೈಲೆನ್ಸರ್ ಯಾವುದನ್ನೂ ಉಪ್ಪುಗಾಳಿ ಬಿಟ್ಟಿಲ್ಲ. ಹಾಗಾಗಿ ಲೋಹದ ವೈರಿ ಎಂದರೆ ಉಪ್ಪು ಎಂಬುದು ನಮ್ಮಲ್ಲಿ ಬೇರೂರಿದ ತಿಳಿವಳಿಕೆ. ರಿಯಾಕ್ಟರಿನ ನೀರಿನಲ್ಲಿ ಉಪ್ಪಿಲ್ಲ. ಕರಗಿದ ಆಮ್ಲಜನಕವನ್ನೂ ನೂರು ಕೋಟಿ ಭಾಗದಲ್ಲಿ ಹತ್ತು ಭಾಗಕ್ಕಿಂತ ಕೆಳಗಿಟ್ಟಿರುತ್ತಾರೆ. ಆಮ್ಲೀಯ ಆಗದಂತೆ ಲಿಥಿಯಂ ಹೈಡ್ರಾಕ್ಸೈಡ್ ಬೆರೆಸಿರುತ್ತಾರೆ. ಇಷ್ಟು ಶುದ್ಧವಾದ ನೀರೂ ಬಿಸಿ, ಒತ್ತಡ, ವಿಕಿರಣ ಮತ್ತು ಇಪ್ಪತ್ತು ವರ್ಷಗಳ ಕಾಲಾವಧಿ ಸಿಕ್ಕರೆ ಲೋಹವನ್ನು ಬಾಗಿಸುತ್ತದೆ, ಸವೆಸುತ್ತದೆ, ಕೆಲವೊಮ್ಮೆ ಸೀಳಿಯೂ ಬಿಡುತ್ತದೆ.

ಮೂರು ನೀರು

ಕೈಗಾದ ನೀರಿನ ಬಗ್ಗೆ ನಮ್ಮ ಕಡೆ ಮಾತಾಡುವಾಗ ಒಂದು ಗೊಂದಲ ಬಂದೇ ಬರುತ್ತದೆ. ಕಾಳಿ ನದಿಯ ಕದ್ರಾ ಜಲಾಶಯದ ನೀರು ರಿಯಾಕ್ಟರಿನೊಳಗೆ ಹೋಗಿ ಬರುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಅಲ್ಲಿ ಮೂರು ನೀರುಗಳಿವೆ, ಮೂರಕ್ಕೂ ಬೇರೆ ಬೇರೆ ದಾರಿ. ಇಂಧನವನ್ನು ತಾಗಿ ಹರಿಯುವುದು ಭಾರಜಲ. ಅದು 249 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಳಹೊಕ್ಕು 293 ಡಿಗ್ರಿಯಲ್ಲಿ ಹೊರಬರುತ್ತದೆ. ಒತ್ತಡ ಇರುವುದರಿಂದ ಕುದಿಯುವುದಿಲ್ಲ. ಅದು ತನ್ನ ಶಾಖವನ್ನು ಸ್ಟೀಮ್ ಜನರೇಟರಿನ ಸಣ್ಣ ಕೊಳವೆಗಳ ಗೋಡೆಯ ಮೂಲಕ ಇನ್ನೊಂದು ಶುದ್ಧ ನೀರಿಗೆ ದಾಟಿಸುತ್ತದೆ. ಆ ಎರಡನೆಯ ನೀರು ಉಗಿಯಾಗಿ ಟರ್ಬೈನ್ ತಿರುಗಿಸುತ್ತದೆ. ಕೆಲಸ ಮುಗಿಸಿದ ಉಗಿಯನ್ನು ತಣಿಸಿ ಮತ್ತೆ ನೀರು ಮಾಡುವುದಕ್ಕಷ್ಟೇ ಕದ್ರಾದ ನೀರು.

ಇಲ್ಲಿ ಹೇಳುತ್ತಿರುವುದು ಮೊದಲ ಎರಡು ನೀರಿನ ಕತೆ. ಗೇರುಸೊಪ್ಪೆಯಲ್ಲಿ ಶರಾವತಿ ಟರ್ಬೈನ್ ತಿರುಗಿಸುವಾಗಲೂ ಲೋಹ ಸವೆಯುತ್ತದೆ, ಸುಳ್ಳಲ್ಲ. ಆದರೆ ಅಲ್ಲಿ ಸವೆದದ್ದನ್ನು ಯಂತ್ರ ನಿಲ್ಲಿಸಿ, ಒಳಗಿಳಿದು, ಕೈಯಲ್ಲಿ ಮುಟ್ಟಿ ನೋಡಬಹುದು. ಕೈಗಾದ ಕೊಳವೆಯನ್ನು ಮನುಷ್ಯ ಮುಟ್ಟುವ ಹಾಗಿಲ್ಲ. ಇಡೀ ವಿಷಯ ಕಗ್ಗಂಟಾಗುವುದು ಇಲ್ಲಿಂದಲೇ.

ಜಗ್ಗುವ ಕೊಳವೆ, ನುಂಗುವ ಕೊಳವೆ

306 ಕೊಳವೆಗಳನ್ನೂ ಮಾಡಿರುವುದು ಜಿರ್ಕೋನಿಯಂ ಲೋಹಕ್ಕೆ ಎರಡೂವರೆ ಶೇಕಡ ನಿಯೋಬಿಯಂ ಬೆರೆಸಿದ ಮಿಶ್ರಲೋಹದಿಂದ. ಉಕ್ಕು ಯಾಕಾಗದು ಎಂದರೆ ಉಕ್ಕು ನ್ಯೂಟ್ರಾನುಗಳನ್ನು ಹೀರಿಬಿಡುತ್ತದೆ. ನಮ್ಮ ರಿಯಾಕ್ಟರಿನಲ್ಲಿ ಉರಿಯುವುದು ಸಂವರ್ಧನೆ ಮಾಡದ, ಗಣಿಯಿಂದ ಬಂದ ಹಾಗೇ ಇರುವ ಯುರೇನಿಯಂ, ಅದಕ್ಕೆ ಒಂದೊಂದು ನ್ಯೂಟ್ರಾನೂ ಬೇಕು. ಜಿರ್ಕೋನಿಯಂ ಅವುಗಳನ್ನು ಹೆಚ್ಚುಕಡಿಮೆ ಸುಮ್ಮನೆ ದಾಟಗೊಡುತ್ತದೆ. ಇದರ ಅದಿರು ಜಿರ್ಕಾನ್ ಸಿಗುವುದು ಕಡಲ ತೀರದ ಮರಳಿನಲ್ಲಿ, ಕೇರಳ, ತಮಿಳುನಾಡು, ಒಡಿಶಾದ ದಂಡೆಗಳಲ್ಲಿ. ಜೊತೆಗೇ ಅಂಟಿಕೊಂಡು ಬರುವ ಹಾಫ್ನಿಯಂ ನ್ಯೂಟ್ರಾನುಗಳ ಮಹಾ ಹಸಿವುಗಾರ. ಅದನ್ನು ಪೂರ್ತಿ ಬೇರ್ಪಡಿಸಬೇಕು. ಬೇರ್ಪಡಿಸಿ, ನಿರ್ವಾತದಲ್ಲಿ ಮತ್ತೆ ಮತ್ತೆ ಕರಗಿಸಿ, ಹಿಂಡಿ, ಎಳೆದು ಕೊಳವೆ ಮಾಡುವುದು ಹೈದರಾಬಾದಿನ ನ್ಯೂಕ್ಲಿಯರ್ ಫ್ಯೂಯಲ್ ಕಾಂಪ್ಲೆಕ್ಸ್.

ಹೀಗೆ ಮುತುವರ್ಜಿಯಿಂದ ಮಾಡಿದ ಕೊಳವೆ ಕೆಲಸಕ್ಕೆ ನಿಂತ ದಿನದಿಂದಲೇ ಆಕಾರ ಕೆಡಿಸಿಕೊಳ್ಳತೊಡಗುತ್ತದೆ. ನ್ಯೂಟ್ರಾನುಗಳು ಬಡಿದು ಬಡಿದು ಹರಳಿನ ಜಾಲದ ಪರಮಾಣುಗಳು ಜಾಗ ತಪ್ಪುತ್ತವೆ. ಜಿರ್ಕೋನಿಯಂ ಹರಳು ಎಲ್ಲ ದಿಕ್ಕಿಗೂ ಒಂದೇ ತೆರನಾಗಿ ಇಲ್ಲವಾದ್ದರಿಂದ ಕೊಳವೆ ಉದ್ದಕ್ಕೆ ಬೆಳೆಯುತ್ತದೆ. ಒಳಗಿನ ಒತ್ತಡ, ಬಿಸಿ ಮತ್ತು ವಿಕಿರಣ ಸೇರಿ ಅದು ಅಗಲಕ್ಕೂ ಹಿಗ್ಗುತ್ತದೆ. ಹಿಗ್ಗಿದರೆ ಇಂಧನದ ಕಟ್ಟಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ನೀರು ಜಾರಿಹೋಗಿ ಇಂಧನಕ್ಕೆ ಸಲ್ಲಬೇಕಾದ ತಂಪು ಕಡಿಮೆಯಾಗುತ್ತದೆ. ಮೂರನೆಯದು ಜಗ್ಗು. ಇಂಧನ ಮತ್ತು ನೀರಿನ ಭಾರಕ್ಕೆ ಕೊಳವೆಯ ನಡುಭಾಗ ವರ್ಷ ವರ್ಷ ಕೆಳಗಿಳಿಯುತ್ತದೆ. ಎಂಜಿನಿಯರುಗಳು ಇದಕ್ಕೆ ಕ್ರೀಪ್ ಎನ್ನುತ್ತಾರೆ. ಸಾಮಾನ್ಯ ಬಾಗುವಿಕೆ ಭಾರ ತೆಗೆದರೆ ಸರಿಹೋದೀತು, ಕ್ರೀಪ್ ಹಿಂದಿರುಗುವುದಿಲ್ಲ.

ಜಗ್ಗಿದರೆ ಏನಾಯಿತು ಎಂದರೆ, ಕೆಳಗೆ ಇನ್ನೊಂದು ಕೊಳವೆ ಇದೆ. ಒತ್ತಡದ ಕೊಳವೆಯನ್ನು ಸುತ್ತುವರಿದ ಕೆಲಾಂಡ್ರಿಯಾ ಕೊಳವೆ. ಅದರ ಆಚೆ ತಣ್ಣನೆಯ ಭಾರಜಲದ ಕೊಳ. ಒಳಗಿನದು 290 ಡಿಗ್ರಿ, ಹೊರಗಿನದು 70ರ ಸುಮಾರು. ಎರಡರ ನಡುವೆ ಇಂಗಾಲದ ಡೈಆಕ್ಸೈಡ್ ಅನಿಲ ತುಂಬಿದ ಸಣ್ಣ ಸಂದು. ಎರಡೂ ಎಂದಿಗೂ ತಾಗಬಾರದೆಂದು ಗಾರ್ಟರ್ ಸ್ಪ್ರಿಂಗ್ ಎಂಬ ಸುರುಳಿ ಬಳೆಗಳನ್ನು ನಡುನಡುವೆ ತೊಡಿಸಿರುತ್ತಾರೆ. ಇವು ಜಾಗ ಬಿಟ್ಟು ಸರಿದರೆ ಕೊಳವೆಗಳೆರಡೂ ಒಂದನ್ನೊಂದು ತಾಗುತ್ತವೆ. ತಾಗಿದ ಜಾಗ ತಣ್ಣಗಾಗುತ್ತದೆ. ಅಲ್ಲಿಗೆ ಹೈಡ್ರೋಜನ್ ನುಗ್ಗುತ್ತದೆ.

ಹೈಡ್ರೋಜನ್ ಎಲ್ಲಿಂದ? ಬಿಸಿನೀರಿನಿಂದಲೇ. ಜಿರ್ಕೋನಿಯಂ ನೀರಿನ ಆಮ್ಲಜನಕವನ್ನು ತೆಗೆದುಕೊಂಡು ತನ್ನ ಮೈಮೇಲೆ ತೆಳುವಾದ ಆಕ್ಸೈಡ್ ಪದರ ಕಟ್ಟಿಕೊಳ್ಳುತ್ತದೆ. ಆ ಪದರ ಅದನ್ನು ಕಾಪಾಡುತ್ತದೆ, ಅದು ಒಳ್ಳೆಯದೇ. ಆದರೆ ಬಿಡುಗಡೆಯಾದ ಹೈಡ್ರೋಜನ್ನಿನ (ಭಾರಜಲವಾದ್ದರಿಂದ ಡ್ಯೂಟೀರಿಯಂ ಎಂಬ ಅದರ ಅಣ್ಣನ) ಒಂದು ಪಾಲು ಲೋಹದೊಳಗೆ ಇಳಿದುಬಿಡುತ್ತದೆ. ಮುನ್ನೂರು ಡಿಗ್ರಿಯ ಬಿಸಿಯಲ್ಲಿ ಅದು ಲೋಹದಲ್ಲಿ ಕರಗಿಕೊಂಡೇ ಇರುತ್ತದೆ, ತೊಂದರೆ ಕೊಡುವುದಿಲ್ಲ. ಹತ್ತು ಲಕ್ಷ ಭಾಗದಲ್ಲಿ ಕೆಲವು ಹತ್ತರಷ್ಟನ್ನು ಲೋಹ ಹಾಗೆ ಕರಗಿಸಿಟ್ಟುಕೊಳ್ಳಬಲ್ಲದು. ತಣ್ಣಗಾದರೆ ಆ ಶಕ್ತಿ ಇಲ್ಲವಾಗುತ್ತದೆ. ಆಗ ಹೈಡ್ರೋಜನ್ ಹೈಡ್ರೈಡ್ ಎಂಬ ತೆಳು ಹಾಳೆಗಳಾಗಿ ಹೊರಬೀಳುತ್ತದೆ, ಮತ್ತು ಹೈಡ್ರೈಡ್ ಅನ್ನುವುದು ಮಣ್ಣಿನ ಹೆಂಚಿನಷ್ಟೇ ಸಲೀಸಾಗಿ ಒಡೆಯುವ ವಸ್ತು. ಎಲ್ಲೋ ಒಂದು ಗೀರು ಇದ್ದು, ಅದರ ತುದಿಯಲ್ಲಿ ಎಳೆತ ಹೆಚ್ಚಿದ್ದರೆ ಹೈಡ್ರೋಜನ್ ಅಲ್ಲಿಗೇ ಹೋಗಿ ಸೇರುತ್ತದೆ; ಹೈಡ್ರೈಡ್ ಆಗುತ್ತದೆ; ಒಡೆಯುತ್ತದೆ; ಬಿರುಕು ಒಂದು ಹೆಜ್ಜೆ ಮುಂದೆ. ಹೊಸ ತುದಿಗೆ ಮತ್ತೆ ಹೈಡ್ರೋಜನ್. ಇದು ಒಂದೇ ಏಟಿಗೆ ಆಗುವ ಒಡಕಲ್ಲ. ನಿಂತು ನಿಂತು ನಡೆಯುವ ಬಿರುಕು. ಕೆನಡಾದ ಪಿಕರಿಂಗ್ ಸ್ಥಾವರದ 3 ಮತ್ತು 4ನೇ ಘಟಕಗಳಲ್ಲಿ 1974-75ರ ಹೊತ್ತಿಗೆ ಕೊಳವೆಗಳ ತುದಿಯ ಜೋಡಣೆಯಲ್ಲಿ ನೀರು ಸೋರಿದಾಗ ಇದರ ಪತ್ತೆಯಾಯಿತು. ಕೂರಿಸುವಾಗ ಅಗತ್ಯಕ್ಕಿಂತ ಹೆಚ್ಚು ಒತ್ತಿ ಹಿಗ್ಗಿಸಿದ್ದರಿಂದ ಲೋಹದಲ್ಲಿ ಉಳಿದುಕೊಂಡಿದ್ದ ಎಳೆತವೇ ಕಾರಣ.

ಅದೇ ಪಿಕರಿಂಗ್‌ನ 2ನೇ ಘಟಕದಲ್ಲಿ 1983ರ ಆಗಸ್ಟ್ 1ರಂದು ಜಿ-16 ಎಂಬ ಸಂಖ್ಯೆಯ ಕೊಳವೆ ಸುಮಾರು ಎರಡು ಮೀಟರ್ ಉದ್ದಕ್ಕೆ ಸೀಳಿತು. ಬಳೆಗಳು ಜಾಗ ಬಿಟ್ಟಿದ್ದವು, ಕೊಳವೆ ಜಗ್ಗಿ ಹೊರಗೊಳವೆಗೆ ತಾಗಿತ್ತು, ತಣ್ಣಗಾದ ಜಾಗದಲ್ಲಿ ಹೈಡ್ರೈಡ್ ಗುಳ್ಳೆಗಳೆದ್ದಿದ್ದವು. ಬಿರುಕು ಬಿಟ್ಟರೂ ಮೊದಲು ಹನಿಹನಿಯಾಗಿ ಸೋರಿ ಮುನ್ಸೂಚನೆ ಕೊಡುತ್ತದೆ ಎಂದು ನಂಬಿಕೊಂಡಿದ್ದವರಿಗೆ ಅದು ಸೂಚನೆಯನ್ನೇ ಕೊಡಲಿಲ್ಲ. ಸಿಬ್ಬಂದಿ ರಿಯಾಕ್ಟರನ್ನು ಸುರಕ್ಷಿತವಾಗಿ ನಿಲ್ಲಿಸಿದರು, ಯಾರಿಗೂ ಅಪಾಯವಾಗಲಿಲ್ಲ. ಆ ಕೊಳವೆಯ ಲೋಹ ಜಿರ್ಕಲಾಯ್-2 ಎಂಬ ಇನ್ನೊಂದು ಜಿರ್ಕೋನಿಯಂ ಮಿಶ್ರಲೋಹ. ಹೈಡ್ರೋಜನ್ ನುಂಗುವುದರಲ್ಲಿ ಅದರದು ದೊಡ್ಡ ಬಾಯಿ. ರಾಜಸ್ಥಾನ, ಮದ್ರಾಸ್, ನರೋರಾ ಘಟಕಗಳಲ್ಲೂ, ಕಾಕ್ರಾಪಾರದ 1ನೆಯದರಲ್ಲೂ ಆಗ ನಾವು ಬಳಸಿದ್ದು ಅದನ್ನೇ.

ಕೆನಡಾ ನಮಗೆ ಈ ವಿನ್ಯಾಸ ಕೊಟ್ಟದ್ದು 1960ರ ದಶಕದಲ್ಲಿ. 1974ರ ಪೋಖ್ರಾನ್ ಸ್ಫೋಟದ ನಂತರ ನಂಟು ಕಡಿದುಕೊಂಡಿತು. ಹೀಗಾಗಿ ಕೊಳವೆಗಳು ಮುದಿಯಾಗುವ ಪಾಠವನ್ನು ನಮ್ಮವರು ತಾವೇ ಕಲಿಯಬೇಕಾಯಿತು. ಬೆಂಗಳೂರಿನಲ್ಲಿ ಹುಟ್ಟಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮಾಡಿದ್ದ ಎಂ.ಆರ್. ಶ್ರೀನಿವಾಸನ್ ಆ ಕಾಲದ ವಿದ್ಯುತ್ ಘಟಕಗಳ ಮುಖ್ಯ ರೂವಾರಿ. 1987ರಲ್ಲಿ ಅಣುವಿದ್ಯುತ್ ನಿಗಮ ಶುರುವಾದಾಗ ಅದರ ಮೊದಲ ಅಧ್ಯಕ್ಷರು. 2025ರ ಮೇ ತಿಂಗಳಲ್ಲಿ ತೀರಿಕೊಂಡರು. ಕಾಕ್ರಾಪಾರದ 2ನೇ ಘಟಕದಿಂದ ಈಚೆಗೆ ಎಲ್ಲ ಕಡೆ ನಿಯೋಬಿಯಂ ಬೆರೆತ ಮಿಶ್ರಲೋಹ ಬಂತು, ಬಳೆಗಳೂ ಸರಿಯದಂತೆ ಬಿಗಿಯಾದವು. ಕೈಗಾದ ನಾಲ್ಕೂ ಘಟಕಗಳು ಈ ಪೀಳಿಗೆಯವು. ಈ ವಿಷಯದಲ್ಲಿ ನಾವು ಅದೃಷ್ಟವಂತರು ಎನ್ನಲು ನನಗೆ ಸಂಕೋಚವಿಲ್ಲ. ತಡವಾಗಿ ಕಟ್ಟಿದ್ದರಿಂದ ಪರರ ತಪ್ಪಿನ ಲಾಭ ಸಿಕ್ಕಿದೆ.

ಹಾಗೆಂದು ಹೊಸ ಲೋಹಕ್ಕೆ ಬಿರುಕು ಬರುವುದೇ ಇಲ್ಲ ಎಂದಲ್ಲ. 2016ರ ಮಾರ್ಚ್ 11ರಂದು ಕಾಕ್ರಾಪಾರದ 1ನೇ ಘಟಕದ ಒಂದು ಕೊಳವೆ ಬಿರುಕುಬಿಟ್ಟು ಭಾರಜಲ ಸೋರಿತು. ಫುಕುಶಿಮಾ ದುರಂತಕ್ಕೆ ಸರಿಯಾಗಿ ಐದು ವರ್ಷ ತುಂಬಿದ ದಿನ ಅದು. ಜಿರ್ಕಲಾಯ್ ಕೊಳವೆಗಳನ್ನು ತೆಗೆದು ನಿಯೋಬಿಯಂ ಮಿಶ್ರಲೋಹದವನ್ನು ಹಾಕಿ ಆಗಿನ್ನೂ ಬಹಳ ವರ್ಷವಾಗಿರಲಿಲ್ಲ. ಕೆಡುಕು ಒಳಗಿನ ಬಿಸಿನೀರಿನ ಕಡೆಯಿಂದ ಬಂದಿರಲೂ ಇಲ್ಲ, ಹೊರಮೈಯ ಸಂದಿನಲ್ಲಿ ಸುತ್ತುವ ಅನಿಲದಲ್ಲಿ ಸೇರಿದ್ದ ಕಲ್ಮಷದಿಂದ ಅಲ್ಲಲ್ಲಿ ಕಜ್ಜಿಯಂತೆ ತುಕ್ಕು ಎದ್ದಿತ್ತು. ಎಲ್ಲರೂ ಒಳಬಾಗಿಲು ಕಾಯುತ್ತಿದ್ದಾಗ ಹಿತ್ತಿಲಿಂದ ಬಂದ ಕಾಟ. ಘಟಕ ಮತ್ತೆ ಚಾಲೂ ಆದದ್ದು 2019ರಲ್ಲಿ.

ಈಗ 962 ದಿನಗಳ ಮಾತಿಗೆ ಬರೋಣ. ಯಂತ್ರವನ್ನು ಬಿಡುವಿಲ್ಲದೆ ದುಡಿಸಿದ್ದು ತಪ್ಪು ಎಂದು ಆಗ ವಾದಿಸಿದವರಿದ್ದರು. ಲೋಹದ ಕಡೆಯಿಂದ ನೋಡಿದರೆ ಆ ವಾದ ಅರ್ಧ ಮಾತ್ರ ನಿಜ. ಬಿಸಿಯಾಗಿಯೇ ಇರುವ ಕೊಳವೆಯಲ್ಲಿ ಹೈಡ್ರೋಜನ್ ಕರಗಿಯೇ ಇರುತ್ತದೆ; ಹೈಡ್ರೈಡ್ ಒಡಕಿಗೆ ಆಸ್ಪದ ಹೆಚ್ಚು ಸಿಗುವುದು ತಣ್ಣಗಾಗುವಾಗ. ಪದೇ ಪದೇ ನಿಂತು ಹೊರಡುವ ರಿಯಾಕ್ಟರಿಗಿಂತ ಒಂದೇ ಸಮನೆ ಓಡುವುದು ಈ ಲೆಕ್ಕದಲ್ಲಿ ಮೇಲು. ಓಡುತ್ತಿರುವಾಗಲೇ ಇಂಧನ ಬದಲಿಸುವ ಸೌಕರ್ಯ ಈ ವಿನ್ಯಾಸಕ್ಕೆ ಇರುವುದರಿಂದ ಅದಕ್ಕಾಗಿ ನಿಲ್ಲಬೇಕಾಗಿಯೂ ಇಲ್ಲ. ಇನ್ನರ್ಧ ನಿಜ ಏನೆಂದರೆ, ಹಿಗ್ಗು ಮತ್ತು ಜಗ್ಗು ಮಾತ್ರ ಓಡಿದ ಗಂಟೆಗಳ ಲೆಕ್ಕಕ್ಕೆ ತಪ್ಪದೆ ಜಮೆಯಾಗುತ್ತವೆ. ಮತ್ತು ರಿಯಾಕ್ಟರ್ ನಿಂತಾಗ ಮಾತ್ರವೇ ಕೊಳವೆಯೊಳಗೆ ತಪಾಸಣೆಯ ಉಪಕರಣ ಕಳಿಸಲು ಸಾಧ್ಯ.

ಆ ಉಪಕರಣದ ಬಗ್ಗೆ ಎರಡು ಮಾತು. ಮುಂಬಯಿಯ ಭಾಭಾ ಅಣುಸಂಶೋಧನಾ ಕೇಂದ್ರ ರೂಪಿಸಿದ ಬಾರ್ಸಿಸ್ ಎಂಬ ವ್ಯವಸ್ಥೆ ಕೊಳವೆಯೊಳಗೆ ಸರಿದು ಶ್ರವಣಾತೀತ ಧ್ವನಿಯಿಂದ ಗೋಡೆಯ ದಪ್ಪ, ವ್ಯಾಸ, ಗೀರುಗಳನ್ನು ಅಳೆಯುತ್ತದೆ. ವಿದ್ಯುತ್ಕಾಂತೀಯ ವಿಧಾನದಿಂದ ಬಳೆಗಳು ಎಲ್ಲಿವೆ ಎಂದು ಹುಡುಕುತ್ತದೆ. ಇನ್ನೊಂದು ಉಪಕರಣ ಕೊಳವೆಯ ಒಳಮೈಯಿಂದ ಅತಿ ತೆಳುವಾದ ಚಕ್ಕೆಯೊಂದನ್ನು ಹೆರೆದು ತರುತ್ತದೆ. ಕೊಳವೆ ಕೆಲಸದಲ್ಲೇ ಇರುತ್ತದೆ. ಚಕ್ಕೆಯಲ್ಲಿ ಎಷ್ಟು ಹೈಡ್ರೋಜನ್ ಇದೆ ಎಂದು ಪ್ರಯೋಗಾಲಯ ಹೇಳುತ್ತದೆ. ಸಾಲದ್ದಕ್ಕೆ, ಸಂದಿನ ಅನಿಲದಲ್ಲಿ ತೇವ ಕಂಡರೆ ಎಲ್ಲೋ ಸೋರುತ್ತಿದೆ ಎಂದು ತಿಳಿಯುವ ಏರ್ಪಾಡು ಸದಾ ಎಚ್ಚರವಿರುತ್ತದೆ. ಅವಧಿ ಮುಗಿದ ಕೊಳವೆಗಳನ್ನು ಒಟ್ಟಾಗಿ ತೆಗೆದು ಹೊಸವನ್ನು ಕೂರಿಸುವುದು ಕೊನೆಯ ಚಿಕಿತ್ಸೆ. ನಮ್ಮಲ್ಲಿ ಇದನ್ನು ಮೊದಲು ಮಾಡಿದ್ದು ರಾಜಸ್ಥಾನದ ರಾವತ್‌ಭಾಟಾದ 2ನೇ ಘಟಕದಲ್ಲಿ, 1990ರ ದಶಕದಲ್ಲಿ. ಕೈಗಾದ ಮೊದಲೆರಡು ಘಟಕಗಳು ವಾಣಿಜ್ಯ ಉತ್ಪಾದನೆ ಶುರುಮಾಡಿದ್ದು 2000ದಲ್ಲಿ. ಅವುಗಳ ಓರಗೆಯ ರಾವತ್‌ಭಾಟಾದ 3ನೆಯದರ ಕೊಳವೆಗಳನ್ನು ಈಚೆಗೆ ಬದಲಿಸಿದ್ದಾರೆ. ಕೈಗಾಕ್ಕೂ ಈ ಸರದಿ ತಪ್ಪಿದ್ದಲ್ಲ.

ನೋಡದೆ ಬಿಟ್ಟಲ್ಲಿ

ಬಂದರಿನ ವೆಲ್ಡಿಂಗ್‌ನವರನ್ನು ಕೇಳಿ. ಸ್ಟೀಲು ಬಿಡುವುದು ಬೆಸುಗೆಯ ಮೇಲಲ್ಲ, ಅದರ ಪಕ್ಕದಲ್ಲಿ ಎನ್ನುತ್ತಾರೆ. ತಾರಾಪುರದ ಮಾದರಿಯ ಕುದಿನೀರಿನ ರಿಯಾಕ್ಟರುಗಳು ದಶಕಗಳ ಕಾಲ ಹೆಣಗಿದ್ದು ಇದೇ ಸಂಗತಿಯೊಡನೆ. ಬೆಸುಗೆಯ ಬಿಸಿಗೆ ಸ್ಟೇನ್‌ಲೆಸ್ ಸ್ಟೀಲಿನ ಕಣಗಳ ಅಂಚಿನಲ್ಲಿ ಕ್ರೋಮಿಯಂ ಇಂಗಾಲದ ಜೊತೆ ಸೇರಿಹೋಗುತ್ತದೆ. ತುಕ್ಕು ತಡೆಯುವ ಕ್ರೋಮಿಯಂ ಅಂಚಿನಲ್ಲಿ ಬರಿದಾಗುತ್ತದೆ. ಬಿಸಿನೀರು ಆ ಅಂಚುಗಳನ್ನೇ ಹಿಡಿದು ಒಳನುಗ್ಗುತ್ತದೆ. ಅಮೆರಿಕದ ಡ್ರೆಸ್ಡನ್ ಸ್ಥಾವರದಲ್ಲಿ ಇಂಥ ಬಿರುಕು 1960ರ ದಶಕದಲ್ಲೇ ಕಂಡಿತ್ತು.

ನಿಕ್ಕಲ್ ಮಿಶ್ರಲೋಹಗಳ ಕತೆ ಇನ್ನೂ ಬೇಸರದ್ದು. ಇಂಕೊನೆಲ್-600 ಎಂಬ ದುಬಾರಿ ಲೋಹ 350 ಡಿಗ್ರಿಯ ಶುದ್ಧ ನೀರಿನಲ್ಲಿ ಬಿರುಕು ಬಿಡುತ್ತದೆ ಎಂದು ಫ್ರಾನ್ಸಿನ ಆಂರಿ ಕೊರಿಯು 1959ರಲ್ಲೇ ವರದಿ ಮಾಡಿದರು. ಉದ್ಯಮ ಅವರನ್ನು ನಂಬಲಿಲ್ಲ. ಮುಂದಿನ ದಶಕಗಳಲ್ಲಿ ಅದೇ ಲೋಹದ ಸ್ಟೀಮ್ ಜನರೇಟರುಗಳನ್ನು ಜಗತ್ತಿನಾದ್ಯಂತ ಕಿತ್ತು ಬದಲಿಸಬೇಕಾಯಿತು. ಕೈಗಾದಲ್ಲಿ ಇರುವುದು ಇಂಕೊಲಾಯ್-800. ಇದರ ನಡತೆ ಒಟ್ಟಾರೆ ಚೆನ್ನಾಗಿದೆ.

2002ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಡೇವಿಸ್-ಬೆಸ್ಸಿ ಸ್ಥಾವರದಲ್ಲಿ ಆದದ್ದನ್ನು ಹೇಳದಿದ್ದರೆ ಈ ಲೇಖನ ಪೂರ್ಣವಾಗದು. ರಿಯಾಕ್ಟರಿನ ಮುಚ್ಚಳದಲ್ಲಿ ಇಂಕೊನೆಲ್-600ರ ನಳಿಗೆಯೊಂದು ಬಿರುಕು ಬಿಟ್ಟಿತ್ತು. ಅಲ್ಲಿಂದ ಸೋರಿದ ಬೋರಿಕ್ ಆಮ್ಲದ ನೀರು ಸುಮಾರು 17 ಸೆಂಟಿಮೀಟರ್ ದಪ್ಪದ ಉಕ್ಕನ್ನು ತಿಂದು ಗುಂಡಿ ಮಾಡಿತ್ತು. ಒತ್ತಡವನ್ನು ತಡೆದು ನಿಂತಿದ್ದದ್ದು ಒಳಗಿನ ಸ್ಟೇನ್‌ಲೆಸ್ ಸ್ಟೀಲ್ ಹೊದಿಕೆ ಮಾತ್ರ, ಒಂದು ಸೆಂಟಿಮೀಟರ್‌ಗೂ ಕಡಿಮೆ. 2001ರ ಕೊನೆಯೊಳಗೆ ತಪಾಸಣೆ ಮಾಡಿ ಎಂದು ನಿಯಂತ್ರಣ ಸಂಸ್ಥೆ ಕೇಳಿತ್ತು. ಕಂಪನಿ ಫೆಬ್ರುವರಿವರೆಗೆ ಸಮಯ ಪಡೆದುಕೊಂಡಿತ್ತು. 2004ರ ಆಗಸ್ಟ್ 9ರಂದು ಜಪಾನಿನ ಮಿಹಾಮಾದಲ್ಲಿ ಕಾರ್ಬನ್ ಸ್ಟೀಲಿನ ಪೈಪೊಂದು ಸಿಡಿದು ಬಿಸಿ ಉಗಿಗೆ ಐವರು ಕಾರ್ಮಿಕರು ಸತ್ತರು. ಹರಿಯುವ ನೀರು ಒಳಗಿಂದೊಳಗೆ ಗೋಡೆಯನ್ನು 10 ಮಿಲಿಮೀಟರಿನಿಂದ ಒಂದೆರಡಕ್ಕೆ ಇಳಿಸಿತ್ತು. ವಿಕಿರಣವಿಲ್ಲದ ಎರಡನೆಯ ನೀರು ಅದು. 1976ರಲ್ಲಿ ಘಟಕ ಶುರುವಾದಂದಿನಿಂದ ಆ ಜಾಗವನ್ನು ಒಮ್ಮೆಯೂ ಅಳೆದಿರಲಿಲ್ಲ, ಪಟ್ಟಿಯಿಂದ ಬಿಟ್ಟುಹೋಗಿತ್ತು.

ನಮ್ಮ ಜಿಲ್ಲೆಯಲ್ಲಿ ಕೈಗಾ ಎಂದೊಡನೆ ನೆನಪಾಗುವುದು ಬೇರೆ ಸಂಗತಿಗಳು. 1989ರ ಲೋಕಸಭಾ ಚುನಾವಣೆಯಲ್ಲಿ ಶಿವರಾಮ ಕಾರಂತರು ಕೈಗಾ ವಿರೋಧಿಸಿ ಇಲ್ಲಿಂದಲೇ ನಿಂತು ಸೋತದ್ದು. 1994ರ ಮೇ ತಿಂಗಳಲ್ಲಿ ಕಟ್ಟುತ್ತಿದ್ದ 1ನೇ ಘಟಕದ ಒಳಗುಮ್ಮಟದ ಕಾಂಕ್ರೀಟು ಕಳಚಿ ಬಿದ್ದದ್ದು. 2009ರಲ್ಲಿ ಕುಡಿಯುವ ನೀರಿನ ಕೂಲರಿನಲ್ಲಿ ಟ್ರಿಟಿಯಂ ಕಂಡದ್ದು. ಪರ-ವಿರೋಧದ ಜಗಳ ಈ ಮೂರನ್ನೇ ಸುತ್ತುತ್ತದೆ. ನೇರ ಗೆರೆ ಎಳೆದರೆ ಕುಮಟಾ ಕೈಗಾದಿಂದ ಸುಮಾರು 50 ಕಿಲೋಮೀಟರ್, ಹೊನ್ನಾವರ 65, ಭಟ್ಕಳ 100ರ ಹತ್ತಿರ. ತುರ್ತು ಯೋಜನೆಯ 16 ಕಿಲೋಮೀಟರ್ ವಲಯದ ಆಚೆಗಿರುವ ಈ ಮೂರು ತಾಲೂಕುಗಳಿಗೆ ಅಣಕು ಪ್ರದರ್ಶನವೂ ಇಲ್ಲ, ಮಾಹಿತಿಯೂ ಇಲ್ಲ. ಮೂರೂವರೆ ಮಿಲಿಮೀಟರ್ ಗೋಡೆಯ ಬಗ್ಗೆ ಇಲ್ಲಿ ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ.

ಈಗಿರುವ ನಾಲ್ಕು ಘಟಕಗಳಲ್ಲಿ ಒಟ್ಟು 1224 ಕೊಳವೆಗಳಿವೆ. ಬರಲಿರುವ 5 ಮತ್ತು 6ನೇ ಘಟಕಗಳು ತಲಾ 700 ಮೆಗಾವಾಟಿನವು, ಒಂದೊಂದರಲ್ಲೂ 392 ಕೊಳವೆ, ನೀರಿನ ಬಿಸಿ 310 ಡಿಗ್ರಿಯವರೆಗೆ. ಅವುಗಳ ಅಹವಾಲು ಸಭೆ ನಡೆದದ್ದು ಆ ದಾಖಲೆಯ ತಿಂಗಳಾದ 2018ರ ಡಿಸೆಂಬರ್‌ನಲ್ಲೇ. ಅಣುಶಕ್ತಿ ನಿಯಂತ್ರಣ ಮಂಡಳಿ ವರ್ಷಕ್ಕೊಂದು ವರದಿ ಹೊರತರುತ್ತದೆ, ಇಂಗ್ಲಿಷಿನಲ್ಲಿ ಮತ್ತು ಹಿಂದಿಯಲ್ಲಿ. ಕೈಗಾದ ಮಟ್ಟಿಗೆ ಕನ್ನಡದಲ್ಲಿ ಎರಡು ಪುಟ ಸಾಕು: ಈ ವರ್ಷ ಯಾವ ಘಟಕದ ಎಷ್ಟು ಕೊಳವೆಗಳನ್ನು ಪರೀಕ್ಷಿಸಿದರು, ಚಕ್ಕೆಗಳಲ್ಲಿ ಹೈಡ್ರೋಜನ್ ಎಷ್ಟು ಬಂತು, ಎಷ್ಟು ಜಗ್ಗಿವೆ, ಮಿತಿ ಎಷ್ಟು, ಬದಲಿಸುವುದು ಯಾವಾಗ. ಅದನ್ನು ಕಾರವಾರದಿಂದ ಭಟ್ಕಳದವರೆಗಿನ ಗ್ರಂಥಾಲಯಗಳಲ್ಲಿ ಇಡಬಹುದು. ನಮ್ಮ ಶಾಸಕರು, ಸಂಸದರು ಕೈಗಾದ ಅಧಿಕಾರಿಗಳೊಡನೆ ಕೂತಾಗ ಉದ್ಯೋಗ, ರಸ್ತೆ, ಆಸ್ಪತ್ರೆಯ ಬೇಡಿಕೆಗಳ ಜೊತೆ ಇದನ್ನೂ ಕೇಳಲಿ. ಅವರು ಕೇಳದಿದ್ದರೆ ನೀವು ಅರ್ಜಿ ಹಾಕಿ ಕೇಳಿ.